ಉಗ್ರಾಣವೂ ದಾಸೋಹಕ್ಕಿರಲಿ



ತುಮಕೂರಿಗೆ ಸಮುದ್ರ ದೂರ. ಆದರೂ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತ ನಮ್ಮನ್ನು ಮುಟ್ಟದೆ ಬಿಡುವುದಿಲ್ಲ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿದ ಫೆಂಗಲ್, ಬಲ ಕುಂದಿ ಒಳನಾಡಿಗೆ ಸರಿದಾಗ ದಕ್ಷಿಣ ಕರ್ನಾಟಕಕ್ಕೆ ಜಡಿಮಳೆ ಹಿಡಿಯಿತು. ಕೊಯ್ಲಿಗೆ ಬಂದಿದ್ದ ರಾಗಿ ನೆನೆಯಿತು. ಉಪ್ಪಾರಹಳ್ಳಿಯಂಥ ಬಡಾವಣೆಯಲ್ಲಿ ಇಂಥ ಮಳೆಗೆ ಎರಡು ದಿನ ಕರೆಂಟ್ ಹೋದರೆ ಸಾಕು, ಮೋಟಾರ್ ನಿಲ್ಲುತ್ತದೆ, ತೊಟ್ಟಿ ಬರಿದಾಗುತ್ತದೆ. ಕೂಲಿಗೆ ಹೋಗುವವರ ಮನೆಯಲ್ಲಿ ಅಂದಿನ ದಿನಸಿಯೂ ಇರುವುದಿಲ್ಲ.

ಆದ್ದರಿಂದ ಮಳೆಗಾಲಕ್ಕೆ ಮುನ್ನ ಮನೆಯಲ್ಲಿ ಒಂದಿಷ್ಟು ಕೂಡಿಡಿ ಎಂದು ಹೇಳಿದಾಗ ಹಿರಿಯರೊಬ್ಬರು ಕೇಳಿದರು: “ನಾಳೆಗೆಂದು ಕೂಡಿಡುವುದು ಶರಣರಿಗೆ ಒಪ್ಪುತ್ತದೆಯೇ?” ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮನವರು ಮರಳಿ ಕಳಿಸಿದ ಕಥೆ ನಮಗೆಲ್ಲ ಗೊತ್ತು. ಆದರೆ ಆ ತಾಯಿ ಅಕ್ಕಿಯೇ ಬೇಡ ಎನ್ನಲಿಲ್ಲ, ಅಳತೆ ಮೀರಬೇಡಿ ಎಂದರು. ಅದೇ ಮನೆಯಲ್ಲಿ ದಾಸೋಹವೂ ನಡೆಯುತ್ತಿತ್ತು. ಸಾವಿರಾರು ಮಕ್ಕಳಿಗೆ ಅನ್ನವಿಕ್ಕುವ ಸಿದ್ಧಗಂಗೆಯ ದಾಸೋಹವೂ ಉಗ್ರಾಣವಿಲ್ಲದೆ ನಡೆಯದು. ನಮ್ಮ ಸೀಮೆಯ ರೈತರು ಹಗೇವು ತೋಡಿ ರಾಗಿಯನ್ನು ವರ್ಷಗಟ್ಟಲೆ ಕಾಪಾಡಿದ್ದು ಬರಗಾಲಕ್ಕೆ ಅಂಜಿ. ಅದನ್ನು ಯಾರೂ ದುರಾಸೆ ಎನ್ನಲಿಲ್ಲ.

ದುರಾಸೆ ಬೇರೆ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ದಿನಸಿ ಅಂಗಡಿಗೆ ನುಗ್ಗಿದವರಲ್ಲಿ ನಾವೂ ಇದ್ದೆವು. ಕೈಯಲ್ಲಿ ಕಾಸಿದ್ದವರು ಮೂಟೆ ಹೊತ್ತು ತಂದೆವು. ಅಂದಂದಿನ ದುಡಿಮೆಯವರು ಮರುದಿನ ಬಂದಾಗ ಅಂಗಡಿ ಬರಿದಾಗಿತ್ತು. ಇಷ್ಟಲಿಂಗ ಧರಿಸಿದ ನಮಗೆ ಆ ದಿನ ಪಕ್ಕದ ಮನೆ ನೆನಪಾಗಲಿಲ್ಲ. ಗಾಬರಿಯಲ್ಲಿ ಬಾಚಿಕೊಳ್ಳುವುದನ್ನು ತಪ್ಪಿಸಬೇಕಾದರೆ ಮೊದಲೇ, ನಿಧಾನವಾಗಿ, ಅಳತೆಯಿಂದ ಕೂಡಿಡಬೇಕು.

ಅಳತೆ ಮೂರು ದಿನದ್ದು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು. ಐವರ ಮನೆಗೆ 60 ಲೀಟರ್, ಅಂದರೆ ನಾಲ್ಕೈದು ಬಿಂದಿಗೆ. ಒಲೆ ಹಚ್ಚದೆ ತಿನ್ನಬಹುದಾದ ಅವಲಕ್ಕಿ, ಹುರಿಹಿಟ್ಟು, ಹುರಿಗಡಲೆ, ಬೆಲ್ಲ. ಟಾರ್ಚು, ಮೇಣದಬತ್ತಿ, ಬೆಂಕಿಪೊಟ್ಟಣ. ಬಿ.ಪಿ., ಸಕ್ಕರೆ ಕಾಯಿಲೆಯವರಿಗೆ ಒಂದು ವಾರದ ಮಾತ್ರೆ. ಭೇದಿಯಾದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕುಡಿಸಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಕಡೆಯ ಎಷ್ಟೋ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಅದನ್ನು ನೆನೆದು ಆಧಾರ್, ಪಹಣಿ, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೈಗೆ ಸಿಗುವಂತೆ ಇಡಿ. ತುರ್ತಿಗೆ 112 ಎಂಬುದು ಮಕ್ಕಳಿಗೂ ಬಾಯಿಗೆ ಬರಲಿ. ದನ ಕಟ್ಟಿದವರು ಮೇವಿಗೆ ಟಾರ್ಪಾಲು ಹೊದಿಸಲಿ. ನೀರು ಏರುವಾಗ ಹಗ್ಗ ಬಿಚ್ಚುವುದನ್ನು ಮರೆಯದಿರಲಿ.

ಇಷ್ಟರ ಮೇಲೆ ಒಂದು ಪಾಲು ಹೆಚ್ಚಿಗೆ ಇಡಿ. ಅದು ನಿಮ್ಮದಲ್ಲ. ಓಣಿಯಲ್ಲಿ ಒಂಟಿಯಾಗಿರುವ ಅಜ್ಜಿ, ಬಾಣಂತಿ, ಶೀಟಿನ ಮನೆಯ ಕೂಲಿಯವರು ಯಾರ ಪಾಲಿಗೆ ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಅವರ ಜಾತಿ ಕೇಳಬೇಡಿ. ಮಳೆಗಾಲ ಮುಗಿದ ಮೇಲೆ ಉಳಿದುದನ್ನು ಹುಳ ಹಿಡಿಯುವ ಮುನ್ನ ಮಠದ ದಾಸೋಹಕ್ಕೆ ಒಪ್ಪಿಸಿ. ಮುಂದಿನ ಮಳೆಗಾಲಕ್ಕೆ ಹೊಸದಾಗಿ ತುಂಬಿ.

ಬರುವ ತಿಂಗಳ ಅನುಭಾವ ಗೋಷ್ಠಿಯಲ್ಲಿ ಪ್ರತಿ ಊರಿನ ಅಕ್ಕನ ಬಳಗ, ಯುವಕರ ಬಳಗ ಓಣಿವಾರು ಇಂಥವರ ಪಟ್ಟಿ ಮಾಡಲಿ ಎಂಬುದು ನಮ್ಮ ವಿನಂತಿ. ಗಾಳಿ ಎದ್ದ ರಾತ್ರಿ ಪಟ್ಟಿ ಬರೆಯಲು ಬೆಳಕಿರುವುದಿಲ್ಲ.