ಕಡಲಿಗೆ ಬಕೆಟ್ ಸಾಕೇ?



ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಮಕ್ಕಳಲ್ಲಿ ಸಮುದ್ರ ನೋಡಿದವರು ತೀರಾ ಕಡಿಮೆ. ಬಂದರು ಎಂದರೆ ಅವರಿಗೆ ಭೂಗೋಳದ ನಕಾಶೆಯ ಮೇಲೊಂದು ಚುಕ್ಕಿ. ಹಾಗಿರುವಾಗ ಬಂದರಿನಲ್ಲಿ ಎಣ್ಣೆ ಸೋರಿದರೆ ನಮಗೇನು ಎಂದು ನೀವು ಕೇಳಬಹುದು. ನಮ್ಮ ದೇಶ ಬಳಸುವ ಕಚ್ಚಾತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಬಹುಪಾಲು ಹಡಗಿನಲ್ಲೇ. ನಮ್ಮ ಹೊಲದ ಟ್ರ್ಯಾಕ್ಟರಿಗೂ ಆ ಎಣ್ಣೆಯೇ ಬೇಕು.

ಇನ್ನೊಂದು ಕಾರಣವೂ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಕುಸಿದಾಗ ನಮ್ಮ ಜನ ಮೊದಲು ಬರಿಗೈಯಿಂದಲೇ ಕಲ್ಲು ಮಣ್ಣು ಸರಿಸಿದರು. ಸಲಕರಣೆಗಾಗಿ ಕಾಯುವುದು ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2017ರ ಜನವರಿ 28ರಂದು ಚೆನ್ನೈ ಹತ್ತಿರದ ಎನ್ನೂರಿನಲ್ಲಿ ಎರಡು ಹಡಗು ಡಿಕ್ಕಿಯಾದವು. ದಡಕ್ಕೆ ಬಂದ ಕಪ್ಪು ರಾಡಿಯನ್ನು ವಿದ್ಯಾರ್ಥಿಗಳು, ಸ್ವಯಂಸೇವಕರು ಬಕೆಟ್‌ನಲ್ಲಿ ಎತ್ತಿ ಹಾಕಿದ ಚಿತ್ರಗಳನ್ನು ದೇಶವೇ ನೋಡಿತು. ಅವರ ಸೇವೆ ದೊಡ್ಡದು, ಸಂಶಯವಿಲ್ಲ. ಆದರೆ ಬಂದರಿನ ಮಗ್ಗುಲಲ್ಲೇ ಇಂಥ ಸ್ಥಿತಿ ಏಕೆ?

ಬೇಕಾದ ಸಾಧನಗಳು ಗೊತ್ತಿಲ್ಲದವೇನಲ್ಲ. ಎಣ್ಣೆ ಹರಡದಂತೆ ಸುತ್ತುಗಟ್ಟುವ 'ಬೂಮ್' ಎಂಬ ತೇಲುವ ಬೇಲಿ, ಹಾಲಿನ ಕೆನೆ ತೆಗೆದಂತೆ ಎಣ್ಣೆ ಎತ್ತುವ 'ಸ್ಕಿಮ್ಮರ್' ಯಂತ್ರ, ಹೀರುವ ಹಾಸುಗಳು, ತೆಗೆದ ಎಣ್ಣೆ ತುಂಬಲು ಟ್ಯಾಂಕು. 1996ರ ರಾಷ್ಟ್ರೀಯ ಯೋಜನೆಯ ಪ್ರಕಾರ 700 ಟನ್‌ವರೆಗಿನ ಸೋರಿಕೆಯನ್ನು ಬಂದರುಗಳು ಮತ್ತು ತೈಲ ಸಂಸ್ಥೆಗಳೇ ನಿಭಾಯಿಸಬೇಕು. ಅದಕ್ಕಿಂತ ಹೆಚ್ಚಾದರೆ ಕರಾವಳಿ ಕಾವಲು ಪಡೆ ಮುಂದಾಗುತ್ತದೆ.

ಈಗ ಕೆಲವು ತಾರೀಖು ನೋಡಿ. ಕಾರವಾರದ ಬಳಿ 'ಓಷನ್ ಸೆರಾಯಾ' ಬಂಡೆಗೆ ಸಿಕ್ಕಿದ್ದು 2006ರ ಮೇ 30. ಅದರ ಎಣ್ಣೆ ಗೋವಾದ ದಡಕ್ಕೂ ಹೋಯಿತು. ರಾಜ್ಯದ ಗಡಿ ಅದಕ್ಕೇನು ಗೊತ್ತು? ಮುಂಬಯಿಯಲ್ಲಿ 'ಎಂಎಸ್‌ಸಿ ಚಿತ್ರಾ' ಡಿಕ್ಕಿಯಾಗಿ ಸುಮಾರು 800 ಟನ್ ಸೋರಿದ್ದು 2010ರ ಆಗಸ್ಟ್ 7. ಉಳ್ಳಾಲದ ಬಳಿ 'ಪ್ರಿನ್ಸೆಸ್ ಮಿರಾಲ್' ಮುಳುಗಿದ್ದು 2022ರ ಜೂನ್. ಕೊಚ್ಚಿಯಾಚೆ 'ಎಂಎಸ್‌ಸಿ ಎಲ್ಸಾ 3' ಮುಳುಗಿದ್ದು 2025ರ ಮೇ 25. ಪಶ್ಚಿಮ ಕರಾವಳಿಯ ಈ ನಾಲ್ಕೂ ಅವಘಡ ಮಳೆಗಾಲದವು, ಇಲ್ಲವೇ ಅದರ ಹೊಸ್ತಿಲಿನವು. ದೊಡ್ಡ ಅಲೆಗಳಲ್ಲಿ ಬೂಮ್ ನಿಲ್ಲುವುದಿಲ್ಲ, ಎಣ್ಣೆ ಅದರ ಮೇಲಿಂದ ಹಾರಿ ಹೋಗುತ್ತದೆ.

ಆದ್ದರಿಂದ ಸಾಧನ ಕೊಂಡು ಗೋದಾಮಿನಲ್ಲಿ ಇಟ್ಟರೆ ಸಾಲದು ಎಂಬುದು ನಮ್ಮ ಅಭಿಪ್ರಾಯ. ಪ್ರತಿ ವರ್ಷ ಮೇ ತಿಂಗಳಿಗೆ ಮುಂಚೆ ಎಲ್ಲವನ್ನೂ ಹೊರತೆಗೆದು ಪರೀಕ್ಷಿಸಬೇಕು. ಕಾರವಾರದಂಥ ಸಣ್ಣ ಬಂದರಿಗೂ ಅದರ ಪಾಲು ಸಿಗಬೇಕು. ಸೋರುವ ಮುನ್ನವೇ ಹಡಗಿನ ಟ್ಯಾಂಕಿನಿಂದ ಎಣ್ಣೆ ಎಳೆಯುವ ಪಂಪು, ತರಬೇತಿ ಪಡೆದ ಕೈಗಳು ಹತ್ತಿರದಲ್ಲೇ ಇರಬೇಕು. ದಡದ ಮೀನುಗಾರರಿಗೆ ಕೈಗವಸು, ಬೂಟು, ತರಬೇತಿ ಮೊದಲೇ ಕೊಡಬೇಕು. ನಷ್ಟವಾಗುವುದು ಅವರ ಬಲೆಗೇ ತಾನೆ? ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ ಸಾಕು.

ಶಿಕ್ಷಕ ಬಂಧುಗಳೇ, ಒಂದು ಪರಾತದಲ್ಲಿ ನೀರು ಹಾಕಿ, ನಾಲ್ಕು ಹನಿ ಎಣ್ಣೆ ಬಿಡಿ. ದಾರದ ಬೇಲಿ ಕಟ್ಟಿ ತಡೆಯಲು ಮಕ್ಕಳಿಗೆ ಹೇಳಿ. ಆಮೇಲೆ ಪರಾತವನ್ನು ಸ್ವಲ್ಪ ಅಲುಗಾಡಿಸಿ. ಮಳೆಗಾಲದ ಕಡಲು ಹೇಗಿರುತ್ತದೆ ಎಂದು ಅವರಿಗೆ ಕೂಡಲೇ ತಿಳಿಯುತ್ತದೆ. ನಾಳೆ ಇವರಲ್ಲೊಬ್ಬರು ಬಂದರಿನ ಅಧಿಕಾರಿಯಾದರೆ, ಆ ಪರಾತ ನೆನಪಿರಲಿ ಎಂಬುದೇ ನಮ್ಮ ಆಸೆ.