ಊಟ ಉಚಿತ, ಬಸ್ ಚಾರ್ಜು ನಿಮ್ಮದು

ಕನ್ನಡದ ತಂತ್ರಜ್ಞಾನದ ಕೆಲಸ ಸ್ವಯಂಸೇವಕರಿಂದ ನಡೀತದೆ ಎಂದು ಎಲ್ಲ ವೇದಿಕೆಗಳಲ್ಲೂ ಹೇಳ್ತಾರೆ. ಕೇಳೋಕೆ ಚಂದ. ಆದರೆ ಆ ವೇದಿಕೆ ಎಲ್ಲಿದೆ, ಅಲ್ಲಿಗೆ ಹೋಗೋಕೆ ಎಷ್ಟು ಖರ್ಚಾಗ್ತದೆ, ಅದನ್ನು ಯಾರು ಕೊಡಬೇಕು ಎಂಬ ಮಾತು ಬಂದಾಗ ಎಲ್ಲರೂ ಗಡಿಯಾರ ನೋಡ್ತಾರೆ.

ನಾವು ಬೆಳಗಾವಿ, ಖಾನಾಪುರ ಕಡೆಯವರು. ಕೆಲವರು ಪತ್ರಿಕೆಗೆ ಸುದ್ದಿ ಕಳಿಸ್ತೀವಿ, ಕೆಲವರು ಶಾಲೆಯಲ್ಲಿ ಪಾಠ ಮಾಡ್ತೀವಿ, ಇನ್ನು ಕೆಲವರು ಜೆರಾಕ್ಸ್ ಅಂಗಡಿ ನಡೆಸ್ತೀವಿ. ಬಿಡುವಿದ್ದಾಗ ವಿಕಿಪೀಡಿಯಕ್ಕೆ ಬರೀತೀವಿ, ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಮ್ಮೂರ ರಸ್ತೆ, ಹಳ್ಳ, ಶಾಲೆ ಸೇರಿಸ್ತೀವಿ. ಸಂಬಳ ಕೇಳಿಲ್ಲ, ಕೇಳೋದೂ ಇಲ್ಲ. ನಮ್ಮ ತಕರಾರು ದಾರಿ ಖರ್ಚಿನ ಬಗ್ಗೆ ಮಾತ್ರ.

ಲೆಕ್ಕ ಸರಳ. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರ್, ಹೋಗಿ ಬರೋಕೆ 1,000. ಶನಿವಾರ, ಭಾನುವಾರದ ಕಾರ್ಯಾಗಾರಕ್ಕೆ ಶುಕ್ರವಾರ ರಾತ್ರಿ ಹತ್ತಿ ಸೋಮವಾರ ಬೆಳಗ್ಗೆ ಇಳೀಬೇಕು. ವಾರಾಂತ್ಯದ ಸ್ಲೀಪರ್ ಬಸ್ಸಿಗೆ ಎರಡೂ ಕಡೆ ಸೇರಿ 2,000 ರೂಪಾಯಿ ಆಸುಪಾಸು. ಹಬ್ಬ ಬಂದರೆ ಖಾಸಗಿ ಬಸ್ಸಿನವರು ಹೇಳಿದ್ದೇ ದರ. ಖಾನಾಪುರದವರು ಮೊದಲು 26 ಕಿಲೋಮೀಟರ್ ಬೆಳಗಾವಿಗೆ ಬರಬೇಕು. ಕಣಕುಂಬಿ ಕಡೆಯವರಿಗೆ ಬೆಳಗಾವಿ ಮುಟ್ಟೋದೇ ಒಂದು ಪ್ರಯಾಣ. ದಿನಗೂಲಿ ಅಥವಾ ಸುದ್ದಿಗಿಷ್ಟು ಎಂದು ದುಡಿಯುವವರು ಎರಡು ದಿನದ ದುಡಿಮೆಯನ್ನೂ ಇದಕ್ಕೆ ಸೇರಿಸಬೇಕು. ಆಗ ಆಮಂತ್ರಣದ 'ಪ್ರವೇಶ ಉಚಿತ, ಊಟದ ವ್ಯವಸ್ಥೆ ಇದೆ' ಎಂಬ ಸಾಲು ಓದಿ ನಗು ಬರ್ತದೆ.

ಹೆಣ್ಣುಮಕ್ಕಳಿಗೆ ಬಸ್ ಉಚಿತವಲ್ಲವೇ ಎನ್ನುವವರಿದ್ದಾರೆ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಅದರಿಂದ ಉಪಕಾರವೂ ಆಗಿದೆ. ಆದರೆ ಅದು ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಮಾತ್ರ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗಿಲ್ಲ. ರಾತ್ರಿಯಿಡೀ ಕೂತು ಬಂದವಳು ಬೆಳಗ್ಗೆ ಎಲ್ಲಿ ಮುಖ ತೊಳೀಬೇಕು, ರಾತ್ರಿ ಎಲ್ಲಿ ಮಲಗಬೇಕು ಎಂಬುದನ್ನು ಆಮಂತ್ರಣದಲ್ಲಿ ಯಾರೂ ಬರೆಯೋದಿಲ್ಲ. 2025ರ ಆಗಸ್ಟ್‌ನಲ್ಲಿ ಬೆಳಗಾವಿಗೆ ವಂದೇ ಭಾರತ್ ಬಂತು, ಸಂತೋಷ. ಅದರ ಟಿಕೆಟ್ ದರ ನೋಡಿದ ಮೇಲೆ ನಮ್ಮಲ್ಲಿ ಯಾರೂ ಆ ಮಾತು ಎತ್ತಿಲ್ಲ.

ಇನ್ನು 'ಖರ್ಚು ಕೊಡ್ತೀವಿ' ಎನ್ನುವವರ ರೀತಿ. ಮೊದಲು ಕೈಯಿಂದ ಹಾಕಬೇಕು, ಆಮೇಲೆ ಬಿಲ್ ಕಳಿಸಬೇಕು, ನಂತರ ಕಾಯಬೇಕು. ಒಂದು ಕಾರ್ಯಾಗಾರದ ಖರ್ಚು ನಮ್ಮ ಕೈ ಸೇರುವಾಗ ಮುಂದಿನ ಕಾರ್ಯಾಗಾರದ ಕರೆ ಬಂದಿತ್ತು. ಟಂಟಂಗೆ ಕೊಟ್ಟ 40 ರೂಪಾಯಿಗೆ ರಸೀದಿ ಎಲ್ಲಿ ಎಂದು ಕೇಳಿದರು. ಟಂಟಂನವ ರಸೀದಿ ಕೊಡ್ತಾನೆಂದು ನಂಬುವವರು ಟಂಟಂ ಹತ್ತಿದವರಲ್ಲ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಈ ರೀತಿ ಒಬ್ಬರದೇ ಅಲ್ಲ.

ದಾನಿಗಳ ದುಡ್ಡು, ಲೆಕ್ಕ ಬೇಕು ಎಂಬ ಮಾತು ನಮಗೂ ಒಪ್ಪಿಗೆ. ಆದರೆ ಸರ್ಕಾರಿ ನೌಕರರಿಗೆ ಇಷ್ಟು ಕಿಲೋಮೀಟರಿಗೆ ಇಷ್ಟು ಎಂಬ ಪ್ರಯಾಣ ಭತ್ಯೆಯ ನಿಯಮ ಇಲ್ಲವೇ? ಅಷ್ಟು ದೊಡ್ಡ ಸರ್ಕಾರಕ್ಕೆ ಸಾಧ್ಯವಾದದ್ದು 30 ಜನರ ಕಾರ್ಯಾಗಾರಕ್ಕೆ ಯಾಕೆ ಆಗೋದಿಲ್ಲ? ಹಣದ ಬಾಗಿಲೂ ಪೂರ್ತಿ ಮುಚ್ಚಿಲ್ಲ. ವಿಕಿಮೀಡಿಯ ಫೌಂಡೇಶನ್ ಸಣ್ಣ ಕಾರ್ಯಕ್ರಮಗಳಿಗೆಂದೇ 500ರಿಂದ 5,000 ಡಾಲರ್‌ವರೆಗೆ ಅನುದಾನ ಕೊಡ್ತದೆ. ಅರ್ಜಿ ಬರೆಯುವಾಗಲೇ ದೂರದೂರಿನವರ ಪ್ರಯಾಣಕ್ಕೊಂದು ಸಾಲು ಹಾಕಬೇಕು, ಅಷ್ಟೇ.

'ಆನ್‌ಲೈನ್‌ನಲ್ಲಿ ಸೇರೋಣ' ಎಂಬುದು ಇನ್ನೊಂದು ಉತ್ತರ. ಭೀಮಗಡದ ಕಾಡಂಚಿನ ಊರುಗಳಲ್ಲಿ ಮಳೆಗಾಲಕ್ಕೆ ಕರೆಂಟು, ಸಿಗ್ನಲ್ ಎರಡೂ ಒಟ್ಟಿಗೇ ಹೋಗ್ತವೆ. ಆಮಗಾಂವದಂಥ ಊರುಗಳಿಂದ ರೋಗಿಯನ್ನು ಹೊತ್ತು ತಂದ ಸುದ್ದಿ ಪತ್ರಿಕೆಯಲ್ಲಿ ಓದಿದ್ದೀರಿ. ಯಾವ ದಾರಿ ಯಾವ ಹಳ್ಳದಲ್ಲಿ ಮುಳುಗ್ತದೆ ಎಂದು ನಕಾಶೆಯಲ್ಲಿ ಸರಿಯಾಗಿ ಗುರುತು ಮಾಡಬಲ್ಲವರು ಆ ಊರಿನವರೇ. ಅವರಿಗೆ ಪಕ್ಕದಲ್ಲಿ ಕೂತು ಕಲಿಸಬೇಕಾದುದನ್ನು ವಿಡಿಯೋ ಕರೆಯಲ್ಲಿ ಕಲಿಸ್ತೀವಿ ಎನ್ನೋದು, ಬಾವಿಗೆ ಹಗ್ಗ ಇಲ್ಲದ ಕೊಡ ಬಿಟ್ಟಂತೆ.

ಸಭೆ ನಡೆದ ಕಡೆ ಕೆಲಸ ಬೆಳೀತದೆ. ಇದಕ್ಕೆ ದೂರದ ಸಾಕ್ಷಿ ಬೇಡ, ಕರಾವಳಿ ನೋಡಿ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಅದರ 13ನೇ ವರ್ಷದ ಹಬ್ಬ 2016ರ ಫೆಬ್ರವರಿಯಲ್ಲಿ ಮಂಗಳೂರಿನಲ್ಲಿ ನಡೆಯಿತು. ಆ ಭಾಗದ ಕಾಲೇಜುಗಳಲ್ಲಿ ಒಂದರ ಹಿಂದೊಂದು ಕಾರ್ಯಾಗಾರ ನಡೆದವು. ವರ್ಷಗಟ್ಟಲೆ ಇನ್‌ಕ್ಯುಬೇಟರ್‌ನಲ್ಲಿದ್ದ ತುಳು ವಿಕಿಪೀಡಿಯ ಅದೇ ವರ್ಷ ಆಗಸ್ಟ್‌ನಲ್ಲಿ ಹೊರಬಂತು. ಕರಾವಳಿಯವರು ದುಡಿದರು, ಅವರಿಗೆ ನಮಸ್ಕಾರ. ಆದರೆ ಅವರು ದುಡಿಯೋಕೆ ಅವರ ಊರಲ್ಲೇ ಜಾಗ ಇತ್ತು. ಮಲಪ್ರಭೆ ಹುಟ್ಟುವ, ಮಹದಾಯಿ ಹುಟ್ಟುವ ತಾಲ್ಲೂಕಿನ ಬಗ್ಗೆ ಬರೆಯೋಕೆ ನಮಗೂ ಬಹಳ ಇದೆ. ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ಸಂತೆಯಲ್ಲಿ ಕೇಳುವ ಊರು ಇದು. ಇಲ್ಲಿ ಒಂದು ಕಾರ್ಯಾಗಾರ ಮಾಡಿದರೆ ಮೂರು ಭಾಷೆಗೂ ಲಾಭ.

ಬೆಳಗಾವಿ ದೂರ ಎನ್ನಬೇಡಿ. 1924ರ ಡಿಸೆಂಬರಿನಲ್ಲಿ ಇಡೀ ದೇಶದ ಕಾಂಗ್ರೆಸ್ ಇಲ್ಲಿಗೆ ಬಂದಿತ್ತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅದರ ಜೊತೆಗೇ ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನವೂ ಇಲ್ಲೇ ಸೇರಿತ್ತು. ಇಂದು ಸುವರ್ಣ ವಿಧಾನಸೌಧಕ್ಕೆ ಚಳಿಗಾಲದಲ್ಲಿ ಸರ್ಕಾರವೇ ಗಂಟುಮೂಟೆ ಕಟ್ಟಿಕೊಂಡು ಬರ್ತದೆ. ನಾಲ್ಕು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಬರೋಕೆ ಆಗೋದಿಲ್ಲವೇ?

ಬೆಳಗಾವಿ ಎಂದ ಮೇಲೂ ಜಾಗ ನೋಡಿ ಆರಿಸಿ. ಭೂತರಾಮನಹಟ್ಟಿಯ ವಿಶ್ವವಿದ್ಯಾಲಯದಲ್ಲಿ ಇಟ್ಟರೆ ಖಾನಾಪುರದವರು ಇಡೀ ನಗರ ದಾಟಿ ಇನ್ನೊಂದು ಬಸ್ ಹಿಡೀಬೇಕು. ಮಚ್ಛೆಯ ವಿಟಿಯು ಖಾನಾಪುರದ ದಾರಿಯಲ್ಲೇ ಇದೆ. ಅದೂ ಬೇಡವೆಂದರೆ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಕಾಲೇಜು ಸಾಕು.

ನಾವು ಕೇಳೋದು ಐದೇ. ವರ್ಷಕ್ಕೊಂದು ದೊಡ್ಡ ಸಭೆಯಾದರೂ ಬೆಂಗಳೂರು, ಮೈಸೂರು, ಮಂಗಳೂರು ಬಿಟ್ಟು ನಡೆಯಲಿ. ಬೆಳಗಾವಿ, ಕಲಬುರಗಿ, ರಾಯಚೂರು ಸರದಿಯಲ್ಲಿ ಬರಲಿ. ದೂರದವರಿಗೆ ಟಿಕೆಟ್ ಮೊದಲೇ ತೆಗೆದುಕೊಡಿ. 500 ರೂಪಾಯಿ ಒಳಗಿನ ಖರ್ಚಿಗೆ ಸಹಿ ಮಾಡಿದ ಚೀಟಿ ಸಾಕೆನ್ನಿ. ಹೆಣ್ಣುಮಕ್ಕಳಿಗೆ ಒಂದು ರಾತ್ರಿಯ ಸುರಕ್ಷಿತ ವಸತಿ ಇರಲಿ. ಕಾರ್ಯಕ್ರಮ ಬೆಳಗ್ಗೆ ಹನ್ನೊಂದಕ್ಕೆ ಶುರುವಾಗಲಿ, ಸಂಜೆಯ ಕೊನೆ ಬಸ್ಸಿಗಿಂತ ಮೊದಲು ಮುಗಿಯಲಿ.

ಬಿಟ್ಟಿ ದುಡಿಯೋಕೆ ನಾವು ತಯಾರಿದ್ದೀವಿ. ಬಿಟ್ಟಿ ದುಡಿಯೋಕೆ ಹೋಗುವ ದಾರಿಯ ಖರ್ಚನ್ನೂ ನಾವೇ ಹಾಕಬೇಕೆಂದರೆ, ಕೊನೆಗೆ ಉಳಿಯೋರು ಖರ್ಚು ಹಾಕಬಲ್ಲವರು ಮಾತ್ರ. ಅವರು ಬರೆದ ವಿಶ್ವಕೋಶದಲ್ಲಿ, ಅವರು ಬಿಡಿಸಿದ ನಕಾಶೆಯಲ್ಲಿ ನಮ್ಮೂರು ಖಾಲಿ ಜಾಗವಾಗಿಯೇ ಇರ್ತದೆ.