ಅಕ್ಕಡಿ ಸಾಲನ್ನು ಅಳಿಸಿ ಬಣವೆಗೆ ಯೂರಿಯಾ

ಮೇವಿನ ಬರ ಬಂದಾಗಲೆಲ್ಲ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹೈನುಗಾರರಿಗೆ ದೊರೆಯುವ ಉಪದೇಶ ಒಂದೇ: ಒಣಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ ಪೌಷ್ಟಿಕಗೊಳಿಸಿ. ಈ ಉಪದೇಶಕ್ಕೆ ನಾಲ್ಕು ದಶಕಗಳಾದವು. ಹಳ್ಳಿಗಳಲ್ಲಿ ಅದು ಬೇರೂರಲಿಲ್ಲ. ಏಕೆಂದು ಕೇಳಿದರೆ ರೈತರ ಅಜ್ಞಾನವೆಂಬ ಸಿದ್ಧ ಉತ್ತರ. ಈ ಉತ್ತರ ಸುಳ್ಳು ಮಾತ್ರವಲ್ಲ, ಅನ್ಯಾಯದ್ದೂ ಹೌದು. ಮೇವಿನ ಕೊರತೆಯನ್ನು ತಂದ ನೀತಿಗಳ ಹೊಣೆಯನ್ನು ಅದು ಬಡವರ ಕೊಟ್ಟಿಗೆಯ ಬಾಗಿಲಲ್ಲಿ ಸುರಿಯುತ್ತದೆ.

ವಿಧಾನದಲ್ಲಿ ವಿಜ್ಞಾನವಿದೆ ಎಂಬುದನ್ನು ಅಲ್ಲಗಳೆಯಬೇಕಿಲ್ಲ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಕರಗಿಸಿ, ಪದರಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುತ್ತಾರೆ. ಯೂರಿಯಾದಿಂದ ಹೊರಟ ಅಮೋನಿಯಾ ಹುಲ್ಲಿನ ಗಡಸು ನಾರಿನ ಬಂಧವನ್ನು ಸಡಿಲಿಸುತ್ತದೆ. ಶೇ. 3-4ರಷ್ಟಿದ್ದ ಕಚ್ಚಾ ಸಸಾರಜನಕ ಶೇ. 7-8ಕ್ಕೆ ಏರುತ್ತದೆ. ಹಸು ಹೆಚ್ಚು ತಿನ್ನುತ್ತದೆ, ತಿಂದದ್ದು ಹೆಚ್ಚು ಜೀರ್ಣವಾಗುತ್ತದೆ.

ಆದರೆ ಲೆಕ್ಕದ ಇನ್ನೊಂದು ಪುಟವನ್ನು ಯಾರೂ ಓದುವುದಿಲ್ಲ. ದಿನಕ್ಕೆ 5 ಕಿಲೋ ಹುಲ್ಲು ತಿನ್ನುವ ಒಂದು ಹಸುವಿಗೆ ತಿಂಗಳಿಗೆ 6 ಕಿಲೋ ಯೂರಿಯಾ, 75ರಿಂದ 90 ಲೀಟರ್ ನೀರು ಬೇಕು. ಕುಡಿಯುವ ನೀರಿಗೇ ಪರದಾಡುವ ಬೇಸಿಗೆಯಲ್ಲಿ ಆ ನೀರನ್ನು ಹೊರುವವರು ಯಾರು? ಮನೆಯ ಹೆಂಗಸರು. ಹಾಕಿದ ಸಾರಜನಕದಲ್ಲಿ ಬಹುಪಾಲು ಮುಚ್ಚಿಗೆ ತೆರೆದಾಗ ಗಾಳಿಪಾಲು. ಆರು ತಿಂಗಳೊಳಗಿನ ಕರುಗಳಿಗೆ ಈ ಹುಲ್ಲು ಸಲ್ಲದು. ಯೂರಿಯಾ ನೀರನ್ನು ಅಕಸ್ಮಾತ್ತಾಗಿ ಕುಡಿದ ಹಸುವಿಗೆ ಪ್ರಾಣಾಪಾಯ. ಇಷ್ಟನ್ನು ತೂಗಿ ನೋಡಿ 'ಬೇಡ' ಎಂದ ರೈತನದು ಅಜ್ಞಾನವಲ್ಲ, ವಿವೇಕ.

ಪಂಡಿತರೂ ಇದನ್ನು ಅರಿಯದವರಲ್ಲ. 1980-90ರ ದಶಕಗಳಲ್ಲಿ ಭಾರತ ಮತ್ತು ನೆದರ್ಲೆಂಡ್ಸ್ ಕೂಡಿ ನಡೆಸಿದ ಬೆಳೆ ಉಳಿಕೆಗಳ ಸಂಶೋಧನೆಗೆ ಬೆಂಗಳೂರಿನ ಆಡುಗೋಡಿಯೂ ಒಂದು ನೆಲೆಯಾಗಿತ್ತು. ಒಣಹುಲ್ಲು ಹೇರಳವಾಗಿದ್ದು, ಹಸಿಮೇವು ವಿರಳವಾಗಿದ್ದು, ನೀರೂ ಯೂರಿಯಾವೂ ಅಗ್ಗವಾಗಿದ್ದಲ್ಲಿ ಮಾತ್ರ ಈ ವಿಧಾನ ಗಿಟ್ಟುತ್ತದೆ ಎಂಬುದೇ ಆ ಅಧ್ಯಯನಗಳ ತಿರುಳು. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಸ್ವಭಾವತಃ ಉತ್ತಮವೆಂದೂ, ತಳಿಯಿಂದ ತಳಿಗೆ ಅದರ ಗುಣ ಬದಲಾಗುತ್ತದೆಂದೂ ಆಗಲೇ ತಿಳಿದಿತ್ತು. ಹಾಗಿದ್ದೂ ಕುಣಿಗಲ್ ದೊಡ್ಡಕೆರೆ, ಮಾರ್ಕೋನಹಳ್ಳಿ ಅಚ್ಚುಕಟ್ಟಿನ ಭತ್ತದ ಹುಲ್ಲಿಗೆ ಹೊಂದುವ ಮದ್ದನ್ನು ಗುಬ್ಬಿಯ ಖುಷ್ಕಿ ರಾಗಿ ಬಣವೆಗೂ ಬರೆದುಕೊಡುವುದು ಯಾವ ವಿಜ್ಞಾನ?

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ. ಯೂರಿಯಾ ಚೀಲದಿಂದ ಹುಲ್ಲಿಗೆ ಸೇರಿಸಹೊರಟಿರುವ ಸಾರಜನಕ ಹಿಂದೆ ಎಲ್ಲಿಂದ ಬರುತ್ತಿತ್ತು? ಅಕ್ಕಡಿ ಸಾಲಿನಿಂದ. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ ಬಿತ್ತಿದ ಹೊಲದಲ್ಲಿ ಬೇರುಗಳೇ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತಿದ್ದವು. ಅವರೆ ಬಳ್ಳಿ, ತೊಗರಿ ಹೊಟ್ಟು, ಹುರುಳಿ ಹೊಟ್ಟು ರಾಗಿ ಹುಲ್ಲಿನೊಡನೆ ಬೆರೆತು ಹಸುವಿನ ಹೊಟ್ಟೆ ಸೇರುತ್ತಿದ್ದವು. ಕಾರ್ಖಾನೆಯಿಲ್ಲ, ಸಹಾಯಧನವಿಲ್ಲ. ಯಂತ್ರದ ಕಟಾವಿಗೆ ಏಕಬೆಳೆಯೇ ಬೇಕು; ಕಳೆನಾಶಕಕ್ಕೆ ಅಕ್ಕಡಿ ಸಾಲೂ ಕಳೆಯೇ. ಹೀಗೆ ಕಾಳನ್ನಷ್ಟೇ ಇಳುವರಿಯೆಂದು ಎಣಿಸಿ, ಹುಲ್ಲನ್ನು 'ತ್ಯಾಜ್ಯ'ವೆಂದು ಕರೆದ ಕೃಷಿನೀತಿಯೇ ಹೊಲದಿಂದ ಮೇವನ್ನು ಹೊರಹಾಕಿತು. ರಾಗಿಗೆ ಬೆಂಬಲ ಬೆಲೆಯಿದೆ. ಹುಲ್ಲನ್ನೂ ಉಳಿಸಿಕೊಂಡ ರೈತನಿಗೆ ಏನಿದೆ?

ಹೊಲದಾಚೆಯ ಕಥೆಯೂ ಇದೇ. ಕಾವಲು ಎಂದರೆ ದನಗಳಿಗಾಗಿ ಕಾಯ್ದಿಟ್ಟ ನೆಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಇಂದು ಹೆಲಿಕಾಪ್ಟರ್ ಕಾರ್ಖಾನೆಯಿದೆ. 2023ರ ಫೆಬ್ರವರಿ 6ರಂದು ಅದು ಲೋಕಾರ್ಪಣೆಗೊಂಡಿತು. ತುಮಕೂರು ನಗರದಾಚೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಹಂತಹಂತವಾಗಿ ಹಿಗ್ಗಿದೆ. ಸಾವಿರ ಎಕರೆಗಳ ಲೆಕ್ಕದಲ್ಲಿ ನೆಲ ಹೋಗುವಾಗ ಮೇವಿನ ಮಾತೆತ್ತದವರು, ಆಮೇಲೆ ನಾಲ್ಕು ಕಿಲೋ ಯೂರಿಯಾ ಹಿಡಿದು ಬಂದರೆ ನಂಬುವುದು ಹೇಗೆ?

ಈ ಜಿಲ್ಲೆ ಮರೆಯುವ ಜಿಲ್ಲೆಯಲ್ಲ. 1983ರಲ್ಲಿ ಇಲ್ಲಿಯ ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ಮೆರವಣಿಗೆಯಲ್ಲಿ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದು, ಹುಣಸೆ, ಮಾವಿನ ಬೀಜ ಊರಿದರು. ಮೇವೂ ನೆರಳೂ ಕೊಡದ ಹಸಿರು ಹಸಿರಲ್ಲವೆಂದು ಅಂದೇ ಸಾರಿದರು.

ಇಂದು ಕೇಳಬೇಕಾದುದು ಸ್ಪಷ್ಟ. ರಾಗಿ ತಳಿಯೊಂದನ್ನು ಬಿಡುಗಡೆ ಮಾಡುವಾಗ ಕಾಳಿನೊಡನೆ ಹುಲ್ಲಿನ ತೂಕ, ಜೀರ್ಣಗುಣಗಳನ್ನೂ ಅಳೆಯಬೇಕು. ಹಿರೇಹಳ್ಳಿ, ಕೊನೇಹಳ್ಳಿಗಳ ಕೃಷಿ ವಿಜ್ಞಾನ ಕೇಂದ್ರಗಳ ಪ್ರಾತ್ಯಕ್ಷಿಕೆಗಳಲ್ಲಿ ಅಕ್ಕಡಿಗೆ ಮೊದಲ ಸ್ಥಾನ ಸಿಗಬೇಕು. ಹಾಲಿನ ಸಂಘಗಳು ಹಿಂಡಿ, ಬೂಸಾ ಮಾರುವುದರ ಜೊತೆಗೆ ಮೇವು ಕತ್ತರಿಸುವ ಯಂತ್ರವನ್ನು ಊರೊಟ್ಟಿಗೆ ಒದಗಿಸಲಿ. ಕತ್ತರಿಸಿ ಹಾಕಿದರೇ ಅರ್ಧ ಪೋಲು ತಪ್ಪೀತು. ಉಳಿದಿರುವ ಗೋಮಾಳ, ಕಾವಲುಗಳ ಒಂದು ಎಕರೆಯೂ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಕೈಬಿಡಬಾರದು. ಇಷ್ಟಾದ ಮೇಲೂ ಭತ್ತದ ಹುಲ್ಲು ಮಿಕ್ಕಿ, ಹಸಿಮೇವು ಕಡಿಮೆಬಿದ್ದ ಊರಿನಲ್ಲಿ ಯೂರಿಯಾ ಬರಲಿ, ಬೇಡವೆನ್ನುವವರಿಲ್ಲ. ಅದು ಕೊನೆಯ ಮದ್ದು. ಮೊದಲ ಮದ್ದು ಹೊಲದಲ್ಲೇ ಇತ್ತು. ಮತ್ತೆ ಬಿತ್ತಿದರೆ ಈಗಲೂ ಇದೆ.